ಗುಳಿಬಿದ್ದ ಎದೆ, ಅಜ್ಜಿ ಹಾಕಿದ ಎಣ್ಣೆನೀರು

ಎದೆಯ ನಡುವೆ ಗುಳಿ ಇರುವ ಮಕ್ಕಳ ಮನೆಯವರು ಬಂದಾಗ ಮೊದಲು ಕೇಳುವುದು ಒಂದೇ: ಇದು ಯಾರಿಂದ ಆಯಿತು? ಏನು ಮಾಡಬೇಕು ಎಂಬುದು ಆಮೇಲೆ. ಪದೇ ಪದೇ ಇದನ್ನೇ ಕೇಳಿ ಬೇಸತ್ತು, ಗುರುತು ಸಿಗದಂತೆ ವಿವರ ಬದಲಿಸಿ ಈ ಪ್ರಕರಣವನ್ನು ಬರೆಯುತ್ತಿದ್ದೇನೆ.

ಹುಡುಗನಿಗೆ 14 ವರ್ಷ, ಕರಾವಳಿಯ ಕುಟುಂಬ. ಈಜು ಬಿಟ್ಟಿದ್ದ, ಗೂನು ಬೆನ್ನು ಮಾಡಿಕೊಂಡು ನಡೆಯುತ್ತಿದ್ದ, ಅಂಗಿ ಕಳಚಿ ಒಳಹೋಗಬೇಕಾದ ದೇವಸ್ಥಾನಗಳಿಗೆ ಬರಲು ಒಪ್ಪುತ್ತಿರಲಿಲ್ಲ. ಮಗನಿಗೆ ದೈವಭಕ್ತಿ ಕಡಿಮೆಯಾಗಿದೆ ಎಂಬುದು ತಂದೆಯ ದೂರು.

ಒಮ್ಮೆ ಅಜ್ಜಿಯೂ ಬಂದಿದ್ದರು. ತಾಯಿ ವರ್ಷಗಳ ಸಿಟ್ಟನ್ನು ಅವರ ಮುಂದೆಯೇ ಹೊರಹಾಕಿದರು: "ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಎದೆ ಒತ್ತಿ ಒತ್ತಿ ಎಣ್ಣೆನೀರು ಹಾಕಿದಿರಿ. ಬೇಡವೆಂದರೂ ಕೇಳಲಿಲ್ಲ." ಅಜ್ಜಿ ಸೆರಗು ಸರಿಮಾಡಿಕೊಂಡು, "ನಿನ್ನ ಮಾವನವರ ಎದೆಯೂ ಹೀಗೇ ಇತ್ತಲ್ಲ. ಅವರಿಗೂ ನಾನೇ ನೀರು ಹಾಕಿದೆನೇ?" ಎಂದರು.

ಅಲ್ಲಿಯವರೆಗೆ ತಲೆ ತಗ್ಗಿಸಿ ಕುಳಿತಿದ್ದ ಹುಡುಗ ನಕ್ಕುಬಿಟ್ಟ. "ಅಜ್ಜನೂ ಅಂಗಿ ತೆಗೆಯುತ್ತಿರಲಿಲ್ಲವೇ ಅಜ್ಜಿ?"

"ಗದ್ದೆ ಉಳುವಾಗ ಅಂಗಿ ಹಾಕಿದವರು ಯಾರಿದ್ದರು ಮಗ!"

ನಾನು ಗಂಟೆಗಟ್ಟಲೆ ವಿವರಿಸಿದ್ದರೂ ಆಗದ ಕೆಲಸ ಅದು. ಪಕ್ಕೆಲುಬುಗಳನ್ನು ಎದೆಮೂಳೆಗೆ ಸೇರಿಸುವ ಮೃದ್ವಸ್ಥಿ ಹದತಪ್ಪಿ ಬೆಳೆದು ಮೂಳೆಯನ್ನು ಒಳಕ್ಕೆ ತಳ್ಳುತ್ತದೆ. ಅನೇಕ ಮನೆಗಳಲ್ಲಿ ಇದು ವಂಶದಲ್ಲಿಯೇ ಇರುತ್ತದೆ. ಸುಮಾರು 300ರಿಂದ 400 ಶಿಶುಗಳಲ್ಲಿ ಒಂದಕ್ಕೆ ಹೀಗಿರುತ್ತದೆ, ಗಂಡುಮಕ್ಕಳಲ್ಲಿ ಹೆಚ್ಚು. ಎಣ್ಣೆ ಹಚ್ಚಿ ತಿಕ್ಕಿದ್ದರಿಂದ ಗುಳಿ ಬೀಳುವುದಿಲ್ಲ, ತಿಕ್ಕಿದರೆ ಏಳುವುದೂ ಇಲ್ಲ. ಮೈ ಸರಸರನೆ ಬೆಳೆಯುವ ಹರೆಯದಲ್ಲಿ ಅದು ಆಳವಾಗುವುದುಂಟು. ಹುಡುಗರು ಅಂಗಿಯೊಳಗೆ ಅಡಗಿಕೊಳ್ಳುವುದೂ ಆಗಲೇ.

ಹಸುಗೂಸಿನ ತಾಯಂದಿರಿಗೆ ಒಂದು ಮಾತು. ಮಗು ಹಾಲು ಕುಡಿದು ಚೆನ್ನಾಗಿ ಬೆಳೆಯುತ್ತಿದ್ದು, ಎದೆಯಲ್ಲಿ ಸದಾ ಒಂದೇ ತೆರನಾದ ತಗ್ಗಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ, ಗಾಬರಿ ಬೇಡ. ಆದರೆ ಮಗು ವೇಗವಾಗಿ ಉಸಿರಾಡುತ್ತ, ಪ್ರತಿ ಉಸಿರಿಗೂ ಎದೆ ಒಳಕ್ಕೆ ಎಳೆದುಕೊಳ್ಳುತ್ತಿದ್ದರೆ ಅದು ಉಸಿರಾಟದ ಕಷ್ಟ. ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಈ ಹುಡುಗನನ್ನು ಮಕ್ಕಳ ಶಸ್ತ್ರಚಿಕಿತ್ಸಕರ ಬಳಿ ಕಳುಹಿಸಿದೆ. ಇದ್ದ ದೇಹವನ್ನು ಒಪ್ಪಿಕೊಳ್ಳಲು ಕಲಿಸುವುದು ಬಿಟ್ಟು ಚಾಕು ಹಿಡಿದವರ ಬಳಿಗೆ ಅಟ್ಟುವುದೇ ಎಂದು ಒಬ್ಬ ಸಹೋದ್ಯೋಗಿ ಆಕ್ಷೇಪಿಸಿದರು. ಓಡಿದಾಗ ಉಳಿದವರಿಗಿಂತ ಬೇಗ ಏದುಸಿರು ಬರುತ್ತದೆ ಎಂದು ಹುಡುಗನೇ ಹೇಳಿದ್ದ. ಹೃದಯ, ಶ್ವಾಸಕೋಶ ಪರೀಕ್ಷಿಸದೆ ಒಪ್ಪಿಕೋ ಎಂದು ಬೋಧಿಸುವುದು ನನ್ನ ಮಟ್ಟಿಗೆ ಸೋಮಾರಿತನ. ತೆಳ್ಳಗೆ ಉದ್ದ ಬೆಳೆದು, ಬೆರಳುಗಳೂ ನೀಳವಾಗಿರುವ ಮಕ್ಕಳಲ್ಲಿ ಮಾರ್ಫಾನ್ ಸಿಂಡ್ರೋಮ್ (ಅಂಗಾಂಶಗಳನ್ನು ಹಿಡಿದಿಡುವ ಎಳೆಗಳು ದುರ್ಬಲವಾಗಿ ಹೃದಯಕ್ಕೂ ತೊಂದರೆ ಕೊಡಬಲ್ಲ ಆನುವಂಶಿಕ ಕಾಯಿಲೆ) ಇದೆಯೇ ಎಂದೂ ನೋಡಬೇಕಾಗುತ್ತದೆ.

ಪರೀಕ್ಷೆಯಲ್ಲಿ ಹೃದಯಕ್ಕೆ ತೊಂದರೆ ಕಾಣಲಿಲ್ಲ. ಬೆನ್ನು ನೆಟ್ಟಗಾಗಲು ವ್ಯಾಯಾಮ ಹೇಳಿದ್ದಾರೆ; ಅದರಿಂದ ಮೂಳೆ ಮೇಲೇಳದು ಎಂಬುದನ್ನೂ ತಿಳಿಸಿದ್ದಾರೆ. ಎದೆಯ ಮೇಲಿಟ್ಟು ಗಾಳಿ ಹೀರಿ ಮೂಳೆಯನ್ನು ಮೇಲೆತ್ತುವ ಬಟ್ಟಲಿನಂತಹ ಸಾಧನವಿದೆ. ಇನ್ನೊಂದು, ಡೊನಾಲ್ಡ್ ನಸ್ ರೂಪಿಸಿದ ಶಸ್ತ್ರಚಿಕಿತ್ಸೆ: ಎದೆಮೂಳೆಯ ಕೆಳಗೆ ಬಾಗಿದ ಲೋಹದ ಪಟ್ಟಿ ಕೂರಿಸಿ ಎರಡು ಮೂರು ವರ್ಷಗಳ ಬಳಿಕ ತೆಗೆಯುತ್ತಾರೆ. ಯಾವುದು ಬೇಕು, ಬೇಕೇ ಬೇಡವೇ ಎಂಬ ಮಾತುಕತೆ ಹುಡುಗನ ಎದುರಿಗೇ ನಡೆಯಬೇಕೆಂದು ತಂದೆ ತಾಯಿಗೆ ಹೇಳಿದ್ದೇನೆ. ಪಟ್ಟಿ ಹೊತ್ತು ಶಾಲೆಗೆ ಹೋಗಬೇಕಾದವನು ಅವನು. ದೇವಸ್ಥಾನಕ್ಕೆ ಬರಲೇಬೇಕೆಂಬ ಒತ್ತಾಯವನ್ನು ಸದ್ಯಕ್ಕೆ ಕೈಬಿಡುವಂತೆಯೂ ಹೇಳಿದೆ; ತಂದೆ ಮುಖ ಗಂಟಿಕ್ಕಿಕೊಂಡೇ ಒಪ್ಪಿದರು.