ಹಗ್ಗ ಹೊಸದು, ವಿಂಚಿನ ಬಾಯಿ ಹಳೆಯದು

ಮಳೆಗಾಲಕ್ಕೆ ಮುಂಚೆ ಜೀಪು ಸಜ್ಜು ಮಾಡುವವರಿಂದ ಈ ಸಲ ಬಂದ ಪ್ರಶ್ನೆಗಳೆಲ್ಲ ಹೆಚ್ಚುಕಡಿಮೆ ಒಂದೇ ಭಾಗದ್ದು: ವಿಂಚಿನ (ಹಗ್ಗ ಸುತ್ತಿಕೊಳ್ಳುತ್ತ ಸಿಕ್ಕಿಬಿದ್ದ ಗಾಡಿಯನ್ನು ಎಳೆಯುವ ಯಂತ್ರ) ಡ್ರಮ್ಮಿನಿಂದ ಬರುವ ಹಗ್ಗ ಬಂಪರಿನ ಹೊರಗೆ ಇಣುಕುವ ಆ ಕಿಂಡಿ, ಅಂದರೆ ಫೇರ್‌ಲೀಡ್.

ಪ್ರಶ್ನೆ: ನನ್ನ ಥಾರ್‌ಗೆ 9,500 ಪೌಂಡಿನ ವಿಂಚ್ ಇದೆ. ಉಕ್ಕಿನ ತಂತಿಹಗ್ಗ ತೆಗೆದು 10 ಮಿ.ಮೀ. ಸಿಂಥೆಟಿಕ್ ಹಗ್ಗ ಹಾಕಿಸುವವನಿದ್ದೇನೆ. ನಾಲ್ಕು ರೋಲರಿನ ಹಳೆಯ ಫೇರ್‌ಲೀಡ್ ಗಟ್ಟಿಯಾಗಿಯೇ ಇದೆ. ಅಂಗಡಿಯವರು ಮಾತ್ರ ಅಲ್ಯೂಮಿನಿಯಂ ಹಾಸ್ (ರೋಲರ್ ಇಲ್ಲದ, ನುಣುಪು ಬಾಯಿಯ ಫೇರ್‌ಲೀಡ್) ಹಾಕಲೇಬೇಕು ಅನ್ನುತ್ತಾರೆ. ಇದು ವ್ಯಾಪಾರದ ಮಾತೋ, ನಿಜವೋ? (ಸಕಲೇಶಪುರ)

ಉತ್ತರ: ಅರ್ಧ ವ್ಯಾಪಾರ, ಅರ್ಧ ನಿಜ. ರೋಲರ್ ಅಂದರೆ ಬಾವಿಯ ರಾಟೆ. ಹಾಸ್ ಅಂದರೆ ರಾಟೆ ಇಲ್ಲದ ಬಾವಿಕಟ್ಟೆಯ ನುಣುಪು ಅಂಚು. ಎರಡರ ಮೇಲೂ ಹಗ್ಗ ಎಳೆಯಬಹುದು. ಆದರೆ ಉಕ್ಕಿನ ಹಗ್ಗ ಓಡಾಡಿದ ರಾಟೆಯ ಮೇಲೆ ಸಿಂಥೆಟಿಕ್ ಹಗ್ಗ ಹಾಕಬಾರದು. ಹಗ್ಗ ಹಾಳಾಗುವುದು ರೋಲರ್ ಎಂಬ ಕಾರಣಕ್ಕಲ್ಲ, ಅದರ ಮೈ ಕೆಟ್ಟಿರುವ ಕಾರಣಕ್ಕೆ.

ಹತ್ತಿಯ ಒಂದು ಉಂಡೆ ತೆಗೆದುಕೊಂಡು ಹಳೆಯ ರೋಲರಿನ ಮೈಮೇಲೆ ಸುತ್ತಲೂ ಸವರಿ ನೋಡಿ. ತಂತಿಯ ಎಳೆಗಳು ಕೊರೆದ ಸಣ್ಣ ಗೀರುಗಳ ಅಂಚು ಮೇಲೆದ್ದಿರುತ್ತದೆ. ಕಣ್ಣಿಗೆ ಕಾಣದಿದ್ದರೂ ಹತ್ತಿಯ ಎಳೆ ಅಲ್ಲಿ ಸಿಕ್ಕಿಕೊಂಡು ಉಳಿಯುತ್ತದೆ. ಹತ್ತಿ ಸಿಕ್ಕಿದ ಕಡೆ ನಿಮ್ಮ ಹಗ್ಗದ ನಾರೂ ಸಿಗುತ್ತದೆ, ಅದೂ ಟನ್‌ಗಟ್ಟಲೆ ಬಿಗಿಯಲ್ಲಿ. ಡೈನೀಮಾ, ಸ್ಪೆಕ್ಟ್ರಾ ಹೆಸರಿನಲ್ಲಿ ಬರುವ ಈ ನಾರು ಪಾಲಿಎಥಿಲೀನ್ ಜಾತಿಯದು. ಎಳೆತಕ್ಕೆ ಉಕ್ಕಿಗೇ ಸವಾಲು, ಕೊಯ್ತಕ್ಕೆ ಮತ್ತು ಬಿಸಿಗೆ ಬಡಪಾಯಿ. 145–150 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕರಗುತ್ತದೆ, 70 ಡಿಗ್ರಿ ದಾಟಿತೆಂದರೆ ಬಲ ಕುಗ್ಗತೊಡಗುತ್ತದೆ.

ರೋಲರಿನ ಎರಡನೆಯ ತೊಂದರೆ ಮೂಲೆಗಳಲ್ಲಿ. ನಿಂತ ರೋಲರ್ ಮತ್ತು ಮಲಗಿದ ರೋಲರ್ ಸೇರುವ ಕಡೆ ಸಣ್ಣ ಸಂದು ಇರುತ್ತದೆ. ತಂತಿಹಗ್ಗ ಗಡುಸು, ಆ ಸಂದಿಗೆ ಇಳಿಯುವುದಿಲ್ಲ. ಸಿಂಥೆಟಿಕ್ ಹಗ್ಗ ಭಾರ ಬಿದ್ದಾಗ ಚಪ್ಪಟೆಯಾಗುತ್ತದೆ. ಗಾಡಿ ವಾಲಿ ನಿಂತು, ಎಳೆತ ಪಕ್ಕಕ್ಕೂ ಕೆಳಕ್ಕೂ ಒಟ್ಟಿಗೆ ಇದ್ದರೆ ಹಗ್ಗ ನೇರ ಆ ಮೂಲೆಗೆ ಹೋಗಿ ಕಚ್ಚಿಕೊಳ್ಳುತ್ತದೆ. ಕೆಸರು ತುಂಬಿ ರೋಲರ್ ತಿರುಗದೆ ನಿಂತರಂತೂ ಅದು ರಾಟೆಯಲ್ಲ, ಬರಿಯ ಕಬ್ಬಿಣದ ಸಲಾಕೆ.

ಹಾಗಾದರೆ ಹೊಸ, ನುಣುಪು ರೋಲರ್ ಹಾಕಬಹುದೇ? ಹಾಕಬಹುದು. ಪಕ್ಕದ ಎಳೆತದಲ್ಲಿ ಅದಕ್ಕೊಂದು ಅನುಕೂಲವೂ ಇದೆ. 38 ಮಿ.ಮೀ. ವ್ಯಾಸದ ರೋಲರಿನ ಮೇಲೆ 10 ಮಿ.ಮೀ. ಹಗ್ಗ ಬಾಗುವಾಗ ಬಾಗಿನ ವ್ಯಾಸ ಹಗ್ಗದ ದಪ್ಪದ 3.8 ಪಟ್ಟು. 25 ಮಿ.ಮೀ. ದಪ್ಪದ ಹಾಸ್‌ನ ತುಟಿ ಎಷ್ಟೇ ದುಂಡಗಿದ್ದರೂ 2.5 ಪಟ್ಟು ದಾಟುವುದಿಲ್ಲ. ರಾಟೆಗೆ ಹಗ್ಗದ 8 ಪಟ್ಟು ವ್ಯಾಸ ಇರಲಿ ಎಂಬುದು ಹೆಣೆದ ಹಗ್ಗದ ಮಟ್ಟಿಗೆ ರೂಢಿಯ ಲೆಕ್ಕ. ಆ ಲೆಕ್ಕಕ್ಕೆ ಇವೆರಡೂ ಮುಟ್ಟುವುದಿಲ್ಲ.

ಆದರೂ ನಿಮ್ಮ ಬಳಕೆಗೆ ನಾವು ಹಾಸ್ ಅನ್ನೇ ಹೇಳುತ್ತೇವೆ. ತಿರುಗುವ ಭಾಗ ಇಲ್ಲ, ತುಕ್ಕಿಲ್ಲ, ಕಚ್ಚುವ ಮೂಲೆ ಇಲ್ಲ. ಬಂಪರಿನ ಮುಂದೆ ಚಾಚುವುದೂ ಕಡಿಮೆ, ಮೂತಿಯ ಭಾರವೂ ಕೆಲವು ಕಿಲೋ ಇಳಿಯುತ್ತದೆ. ಹಗ್ಗ ಬದಲಿಸುವಾಗ ಡ್ರಮ್ಮಿನ ಮೈಯನ್ನೂ ಅದೇ ಹತ್ತಿಯಿಂದ ಸವರಿ ನೋಡಿ. ಉಕ್ಕಿನ ಹಗ್ಗ ಅಲ್ಲಿಯೂ ತನ್ನ ಗುರುತು ಬಿಟ್ಟಿರುತ್ತದೆ.

ಪ್ರಶ್ನೆ: ಹಾಸ್ ಕೊಳ್ಳಲು ಹೋದರೆ ಎಲ್ಲವೂ ಒಂದೇ ಥರ ಕಾಣುತ್ತವೆ. ಬೆಲೆ ಮಾತ್ರ ಆಕಾಶ–ಪಾತಾಳ. ಏನು ನೋಡಿ ಆರಿಸಬೇಕು? (ಮಡಿಕೇರಿ)

ಉತ್ತರ: ಮೊದಲು ತಿರುವಿ ಹಿಂಭಾಗ ನೋಡಿ. ಅಗ್ಗದ ಎಷ್ಟೋ ಹಾಸ್‌ಗಳಲ್ಲಿ ಮುಂದಿನ ತುಟಿ ಕನ್ನಡಿಯಂತೆ ಹೊಳೆಯುತ್ತದೆ, ಹಿಂದೆ ಡ್ರಮ್ಮಿನ ಕಡೆಯ ಅಂಚು ಚೌಕವಾಗಿಯೇ ಉಳಿದಿರುತ್ತದೆ. ಹಗ್ಗ ಡ್ರಮ್ಮಿನ ಎಡತುದಿಯಿಂದ ಬಲತುದಿಗೆ ಸರಿಯುವಾಗ ಮೊದಲು ಉಜ್ಜುವುದು ಆ ಹಿಂದಿನ ಅಂಚಿಗೆ. ದುಂಡು ಎರಡೂ ಕಡೆ ಬೇಕು.

ಎರಡನೆಯದು, ಎರಕದ ಗೆರೆ. ಅಚ್ಚಿನ ಎರಡು ಹೋಳು ಕೂಡಿದ ಕಡೆ ಬಾಯಿಯ ಒಳಗೆ ಕೂದಲೆಳೆಯಷ್ಟು ಏಣು ಉಳಿದಿರುತ್ತದೆ. ಬಣ್ಣದ ಕೆಳಗೆ ಕಾಣುವುದಿಲ್ಲ. ಹೆಬ್ಬೆರಳಿನ ಉಗುರನ್ನು ಬಾಯಿಯ ಒಳಸುತ್ತಿನಲ್ಲಿ ನಿಧಾನವಾಗಿ ಎಳೆದರೆ ಅಲ್ಲಿ ತಡವುತ್ತದೆ. ಎರಕದಲ್ಲಿ ಗಾಳಿಗುಳ್ಳೆಯ ಕುಳಿಗಳೂ ಇರಬಹುದು. ಇಡಿಯ ಅಲ್ಯೂಮಿನಿಯಂ ಗಟ್ಟಿಯಿಂದ ಕೊರೆದು ತೆಗೆದದ್ದಾದರೆ ಈ ಎರಡೂ ಕಾಟ ಇಲ್ಲ. ದುಡ್ಡಿನ ಅಂತರ ಬಹುಪಾಲು ಇಲ್ಲೇ ಇರುವುದು.

ಮೂರನೆಯದು ಮೇಲಿನ ಲೇಪ. ಪೌಡರ್ ಕೋಟಿಂಗ್ ನೋಡಲು ಚೆಂದ. ಆದರೆ ಹಗ್ಗ ಹಾಯುವ ಕಡೆ ಮೊದಲ ಮಳೆಗಾಲದಲ್ಲೇ ಸಿಪ್ಪೆಯಂತೆ ಏಳುತ್ತದೆ, ಎದ್ದ ಸಿಪ್ಪೆಯ ಅಂಚು ಹರಿತ. ಹಾರ್ಡ್ ಆನೊಡೈಸ್ ಮಾಡಿದ್ದನ್ನು ಕೇಳಿ ಕೊಳ್ಳಿ. ಅಲ್ಲಿ ಲೇಪ ಅಂಟಿಸಿದ್ದಲ್ಲ, ಲೋಹದ ಮೈಯೇ ಗಡುಸಾದದ್ದು.

ಇನ್ನು ದಪ್ಪ. 38 ಮಿ.ಮೀ. ದಪ್ಪದ ಹಾಸ್‌ಗೆ 19 ಮಿ.ಮೀ. ತ್ರಿಜ್ಯದ ತುಟಿ ಸಿಗುತ್ತದೆ, ಅಂದರೆ ರೋಲರಿಗೆ ಸಮ. ಯಾವಾಗಲೂ ನೇರ ಎಳೆಯುವವರಿಗೆ 25 ಮಿ.ಮೀ. ಸಾಕು, ಏಕೆಂದರೆ ನೇರ ಎಳೆತದಲ್ಲಿ ಹಗ್ಗ ತುಟಿಗೆ ಹೆಚ್ಚೇನೂ ಒರಗುವುದಿಲ್ಲ. ಕಾಫಿ ತೋಟದ ತಿರುವುಗಳಲ್ಲಿ ಸಿಕ್ಕ ಮರಕ್ಕೇ ಕಟ್ಟಿ ಓರೆಯಾಗಿ ಎಳೆಯುವ ನಿಮ್ಮ ಕಡೆಯವರಿಗೆ ದಪ್ಪದ್ದೇ ಲೇಸು. ಲೆಕ್ಕ ನೋಡಿ: ಹಗ್ಗದಲ್ಲಿ 2,000 ಕಿಲೋ ಬಿಗಿ ಇದ್ದು ಅದು 45 ಡಿಗ್ರಿ ತಿರುಗಿದರೆ ತುಟಿಯ ಮೇಲೆ ಬೀಳುವ ಒತ್ತು ಸುಮಾರು 1,500 ಕಿಲೋ. 90 ಡಿಗ್ರಿ ತಿರುಗಿದರೆ 2,800. ಅಷ್ಟು ಒತ್ತಿನಲ್ಲಿ ಹಗ್ಗ ಜಾರುವಾಗ ಹುಟ್ಟುವ ಬಿಸಿಗೆ ಯಾವ ಬ್ರಾಂಡೂ ಮದ್ದಲ್ಲ. ಓರೆ 30 ಡಿಗ್ರಿ ದಾಟುವಂತಿದ್ದರೆ ಗಾಡಿಯ ಎದುರಿನ ಇನ್ನೊಂದು ಮರಕ್ಕೆ ಅಗಲ ಪಟ್ಟಿ ಸುತ್ತಿ, ರಾಟೆ ಬ್ಲಾಕ್ ಕಟ್ಟಿ ಹಗ್ಗದ ದಾರಿಯನ್ನೇ ತಿರುಗಿಸಿ. ಬಾಗುವ ಕೆಲಸ ಫೇರ್‌ಲೀಡಿನ ಬದಲು ಬ್ಲಾಕಿಗೆ ಬೀಳಲಿ.

ಪ್ರಶ್ನೆ: ಜಿಮ್ನಿಗೆ ತರಿಸಿದ ಹಾಸ್‌ನ ರಂಧ್ರಗಳು ವಿಂಚ್ ಪ್ಲೇಟಿಗೆ ಕೂಡುತ್ತಿಲ್ಲ. ಹೊಸ ರಂಧ್ರ ಕೊರೆಸಲೇ? ಬೋಲ್ಟು ಸ್ಟೇನ್‌ಲೆಸ್ ಇರಲಿ ಅಂದುಕೊಂಡಿದ್ದೇನೆ, ನಮ್ಮದು ಕಡಲ ತೀರ. (ಉಡುಪಿ)

ಉತ್ತರ: ಕೊರೆಸಬೇಡಿ, ವಾಪಸು ಮಾಡಿ. ಫೇರ್‌ಲೀಡುಗಳು ಸಾಮಾನ್ಯವಾಗಿ ಮೂರು ಅಳತೆಯಲ್ಲಿ ಬರುತ್ತವೆ. ಎಟಿವಿಯ (ದಪ್ಪ ಚಕ್ರದ ಸಣ್ಣ ತೆರೆದ ಗಾಡಿ) ಸಣ್ಣ ವಿಂಚಿಗೆ ರಂಧ್ರದ ನಡುವಿನಿಂದ ನಡುವಿಗೆ 124 ಮಿ.ಮೀ., 4,500 ಪೌಂಡಿನ ಆಸುಪಾಸಿನ ಅಗಲ ಡ್ರಮ್ಮಿಗೆ 152 ಮಿ.ಮೀ., 8,000 ಪೌಂಡಿನಿಂದ ಮೇಲಿನ ಗಾಡಿ ವಿಂಚುಗಳಿಗೆ 254 ಮಿ.ಮೀ. ನಿಮಗೆ ಬಂದಿರುವುದು ಬಹುಶಃ ಪಕ್ಕದ ಅಳತೆಯದು. ನಡುವಿನಿಂದ ನಡುವಿಗೆ ಟೇಪ್ ಹಿಡಿಯುವುದು ಕಷ್ಟ. ಎಡ ರಂಧ್ರದ ಎಡ ಅಂಚಿನಿಂದ ಬಲ ರಂಧ್ರದ ಎಡ ಅಂಚಿಗೆ ಅಳೆಯಿರಿ, ಲೆಕ್ಕ ಅದೇ. ಜೊತೆಗೆ ಡ್ರಮ್ಮಿನ ಅಗಲಕ್ಕೂ ಬಾಯಿಯ ಅಗಲಕ್ಕೂ ಹೊಂದಿಕೆ ಇದೆಯೇ ನೋಡಿ. ಬಾಯಿ ತೀರಾ ಕಿರಿದಾದರೆ ಹಗ್ಗ ಡ್ರಮ್ಮಿನ ತುದಿಗೆ ಹೋದಾಗಲೆಲ್ಲ ಉಜ್ಜುತ್ತದೆ.

ಸ್ಟೇನ್‌ಲೆಸ್ ವಿಚಾರದಲ್ಲಿ ಎಚ್ಚರ. ಉಪ್ಪುಗಾಳಿಯಲ್ಲಿ ಸ್ಟೇನ್‌ಲೆಸ್ ಮತ್ತು ಅಲ್ಯೂಮಿನಿಯಂ ಒಂದಕ್ಕೊಂದು ತಾಗಿದ್ದರೆ ತಿನ್ನಿಸಿಕೊಳ್ಳುವುದು ಅಲ್ಯೂಮಿನಿಯಂ. ಬೋಲ್ಟಿನ ತಲೆಯ ಸುತ್ತ ಬಿಳಿ ಹಿಟ್ಟು ಉದುರುತ್ತಿದ್ದರೆ ಅದೇ ಗುರುತು. ಅಂಗಡಿಯ ಮಾಮೂಲಿ ಎ2-70 ಸ್ಟೇನ್‌ಲೆಸ್ ಬೋಲ್ಟು ಬಲದಲ್ಲೂ 8.8 ದರ್ಜೆಯ ಉಕ್ಕಿನದಕ್ಕಿಂತ ಕಡಿಮೆ. ಸತುವಿನ ಲೇಪ ಇರುವ 8.8 ದರ್ಜೆಯ ಎಂ12 ಬೋಲ್ಟು, ಅಗಲ ವಾಷರ್, ನೈಲಾಕ್ ನಟ್ಟು (ಒಳಗೆ ನೈಲಾನ್ ಬಳೆ ಇದ್ದು ಸಡಿಲವಾಗದ್ದು) ಹಾಕಿ. ಲೋಹಗಳು ಕೂಡುವ ಕಡೆ ತೆಳುವಾಗಿ ಗ್ರೀಸ್ ಸವರಿ. ಬೋಲ್ಟಿನ ತಲೆ ಬಾಯಿಯ ಕಡೆಗೆ ಚಾಚಿ ಹಗ್ಗಕ್ಕೆ ತಾಗಬಾರದು.

ಪ್ರಶ್ನೆ: ಒಂದು ಸೀಸನ್ ಬಳಸಿದ ಹಗ್ಗದ ಮೈತುಂಬ ರೋಮ ಎದ್ದಿದೆ, ಕಪ್ಪು ಬಣ್ಣವೂ ಹತ್ತಿದೆ. ಹಾಸ್‌ನ ಕೆಳತುಟಿಯಲ್ಲಿ ಒಂದೆರಡು ಕಚ್ಚು. ಎರಡನ್ನೂ ಎಸೆಯಬೇಕೇ? (ಚಿಕ್ಕಮಗಳೂರು)

ಉತ್ತರ: ರೋಮಕ್ಕೆ ಹೆದರಬೇಡಿ. ಹೊರಗಿನ ನಾರು ಸವೆದು ಏಳುವ ನವಿರಾದ ತುಪ್ಪಳ ಒಳಗಿನ ಎಳೆಗಳಿಗೆ ಕಂಬಳಿಯಿದ್ದಂತೆ. ಕಪ್ಪು ಬಣ್ಣ ಹಗ್ಗದ್ದಲ್ಲ, ಹಾಸ್‌ನದು. ಆನೊಡೈಸ್ ಸವೆದು ಹೋದ ಬರಿಯ ಅಲ್ಯೂಮಿನಿಯಂ ಉಜ್ಜಿದಾಗ ಹೀಗೆ ಮಸಿ ಬಿಡುತ್ತದೆ.

ಹೆದರಬೇಕಾದ್ದು ಹೊಳಪಿಗೆ. ಹಗ್ಗದಲ್ಲಿ ಗಡುಸಾಗಿ ಹೊಳೆಯುವ ಜಾಗ ಸಿಕ್ಕರೆ ಅದನ್ನು ಎರಡೂ ಕೈಯಲ್ಲಿ ಹಿಡಿದು ಹಿಂದೆ ಮುಂದೆ ಬಾಗಿಸಿ. ಮೆತ್ತಗಾಗಿ ಎಳೆಗಳು ಬಿಡಿಸಿಕೊಂಡರೆ ಬರಿಯ ಒತ್ತಿನ ಗುರುತು. ಪ್ಲಾಸ್ಟಿಕ್ ಕಡ್ಡಿಯಂತೆ ಹಾಗೆಯೇ ಉಳಿದರೆ ನಾರು ಕರಗಿ ಅಂಟಿಕೊಂಡಿದೆ. ಆ ಭಾಗ ಕತ್ತರಿಸಿ ತೆಗೆದು ಮತ್ತೆ ಸ್ಪ್ಲೈಸ್ ಮಾಡಬೇಕು, ಅಂದರೆ ತುದಿಗಳನ್ನು ಒಂದರೊಳಗೊಂದು ಹೆಣೆದು ಕೂಡಿಸಬೇಕು. ಗಂಟು ಹಾಕಿದರೆ ಆಗದು, ಈ ನಾರು ಜಾರು, ಗಂಟಿನಲ್ಲಿ ಬಲವೂ ಅರ್ಧಕ್ಕರ್ಧ ಹೋಗುತ್ತದೆ.

ಕಚ್ಚುಗಳಿಗೆ ಅರ ಹಿಡಿಯಬೇಡಿ. 400 ನಂಬರಿನ ಎಮರಿ ಕಾಗದವನ್ನು ನೀರಿನಲ್ಲಿ ಅದ್ದಿ, ಹಗ್ಗ ಓಡುವ ದಿಕ್ಕಿನಲ್ಲೇ ಉಜ್ಜಿ. ನಂತರ 600, ಕೊನೆಗೆ 1000. ಹತ್ತಿ ಎಲ್ಲಿಯೂ ಸಿಕ್ಕದಿದ್ದರೆ ಕೆಲಸ ಮುಗಿಯಿತು. ಅಲ್ಲಿ ಆನೊಡೈಸ್ ಹೋಗಿರುತ್ತದೆ, ಕಚ್ಚು ಬೇಗ ಮರಳುತ್ತದೆ, ಆಗಾಗ ನೋಡುತ್ತಿರಬೇಕು. ಒಂದು ಮಿ.ಮೀ.ಗಿಂತ ಆಳದ ಕಚ್ಚಾದರೆ ಹಾಸ್ ಬದಲಿಸಿ. ಹಗ್ಗಕ್ಕಿಂತ ಅದು ಅಗ್ಗ.

ಇನ್ನು ನಿಮ್ಮ ಕೆಮ್ಮಣ್ಣು. ಅದರ ಮರಳುಕಣ ಹೆಣಿಗೆಯ ಒಳಹೊಕ್ಕು, ಹಗ್ಗ ಬಿಗಿದಾಗಲೆಲ್ಲ ಒಳಗಿನಿಂದಲೇ ಕೊಯ್ಯುತ್ತದೆ. ಹಗ್ಗವನ್ನು ಪೂರ್ತಿ ಬಿಚ್ಚಿ ಬಕೆಟ್ ನೀರಿನಲ್ಲಿ ನೆನೆಸಿಟ್ಟು, ಅಗತ್ಯವಿದ್ದರೆ ಸೌಮ್ಯ ಸೋಪು ಹಾಕಿ ಹಿಂಡಿ, ನೆರಳಲ್ಲಿ ಒಣಗಿಸಿ. ಸುತ್ತುವಾಗ ಸಡಿಲ ಬೇಡ. ಸಣ್ಣ ಏರಿನಲ್ಲಿ ಗಾಡಿಯನ್ನು ನ್ಯೂಟ್ರಲ್‌ನಲ್ಲಿಟ್ಟು, ಒಳಗೊಬ್ಬರು ಕೂತು ಬ್ರೇಕ್ ಹದವಾಗಿ ಒತ್ತುತ್ತಿರಲಿ, ವಿಂಚ್ ಗಾಡಿಯನ್ನು ಎಳೆದುಕೊಳ್ಳುತ್ತ ಸುತ್ತಿಕೊಳ್ಳಲಿ. ಸಡಿಲ ಸುತ್ತಿದರೆ ಮುಂದಿನ ಭಾರೀ ಎಳೆತದಲ್ಲಿ ಮೇಲಿನ ಸುತ್ತು ಕೆಳಗಿನ ಪದರಕ್ಕೆ ಮುಳುಗಿ ಸಿಕ್ಕಿಕೊಳ್ಳುತ್ತದೆ. ಹಗ್ಗ ಬಿಡುವಾಗಲೂ ಡ್ರಮ್ಮಿನ ಮೇಲೆ 10 ಸುತ್ತು ಉಳಿದಿರಲಿ. ತಂತಿಗೆ 5 ಸಾಕಾಗುತ್ತಿತ್ತು, ಇದು ಜಾರುತ್ತದೆ.

ಪ್ರಶ್ನೆ: ಕೊಕ್ಕೆ ಒಳಬಂದಾಗ ಹಾಸ್‌ಗೆ ಬಡಿಯುತ್ತದೆ. ತಪ್ಪಿಸುವುದು ಹೇಗೆ? (ಕುಂದಾಪುರ)

ಉತ್ತರ: ಕೊನೆಯ ಒಂದು ಮೀಟರನ್ನು ರಿಮೋಟಿನ ಗುಂಡಿ ತಟ್ಟಿ ತಟ್ಟಿ ಎಳೆಯಿರಿ, ಒತ್ತಿ ಹಿಡಿಯಬೇಡಿ. ಕೊಕ್ಕೆಯ ಹಿಂದೆ ದಪ್ಪ ರಬ್ಬರ್ ತಡೆ ಹಾಕಿ. ಬಡಿತದಿಂದ ತುಟಿಯಲ್ಲಿ ಕಚ್ಚು, ಕಚ್ಚಿನಿಂದ ಹಗ್ಗಕ್ಕೆ ಗಾಯ. ಮೇಲಿನ ಓದುಗರ ಕಚ್ಚುಗಳಿಗೂ ಇದೇ ಕಾರಣ ಇದ್ದೀತು.

ಪ್ರಶ್ನೆ: ತೋಟದ ಹಳೇ ಜೀಪಿನಲ್ಲಿ ದಿಮ್ಮಿ ಎಳೆಯಲು ತಂತಿಹಗ್ಗವೇ ಇದೆ. ಹಾಸ್ ಹಾಕಿದರೆ ಹೇಗೆ? (ತೀರ್ಥಹಳ್ಳಿ)

ಉತ್ತರ: ಬೇಡ. ತಂತಿಹಗ್ಗ ಅಲ್ಯೂಮಿನಿಯಂ ಅನ್ನು ಗರಗಸದಂತೆ ಕೊಯ್ದು ಆಳದ ಗೀರು ಮಾಡುತ್ತದೆ. ದಿಮ್ಮಿ ನೆಲದಲ್ಲಿ ಉಜ್ಜಿಕೊಂಡು ಬರುವ ಕೆಲಸಕ್ಕೆ ತಂತಿಹಗ್ಗವೇ ಸರಿ, ಅದಕ್ಕೆ ರೋಲರೇ ಸರಿ. ರೋಲರಿನ ಪಿನ್ನುಗಳಿಗೆ ಎಣ್ಣೆ ಬಿಡಿ.

ಪ್ರಶ್ನೆ: ದಪ್ಪ ಹಾಸ್, ಒಳ್ಳೆಯ ಹಗ್ಗ, ನೇರ ಎಳೆತ. ಆದರೂ ಹಗ್ಗದ ಮೇಲ್ಮೈ ಒಂದೇ ಗೆರೆಯಲ್ಲಿ ಕತ್ತರಿಸಿದಂತಾಗುತ್ತಿದೆ. (ಬೆಂಗಳೂರು)

ಉತ್ತರ: ಹಾಸ್‌ನ ಹಿಂದೆ ನೋಡಿ. ಬಂಪರ್ ತಗಡಿನಲ್ಲಿ ಹಗ್ಗಕ್ಕಾಗಿ ಕೊಯ್ದ ಕಿಂಡಿ ಹಾಸ್‌ನ ಬಾಯಿಗಿಂತ ಕಿರಿದಿದ್ದರೆ, ಅಥವಾ ನಾಲ್ಕು ಮಿ.ಮೀ. ಕೆಳಗೆ ಕೂತಿದ್ದರೆ, ಹಗ್ಗ ಹಾಸ್ ಮುಟ್ಟುವ ಮೊದಲೇ ಆ ಕೊಯ್ದ ತಗಡನ್ನು ಮುಟ್ಟುತ್ತದೆ. ಇನ್ನೊಂದು ಸಾಧ್ಯತೆ: ಹಗ್ಗ ಡ್ರಮ್ಮಿನ ಅಡಿಯಿಂದ ಹೊರಡುವ ಬದಲು ಮೇಲಿನಿಂದ ಹೊರಡುವಂತೆ ಸುತ್ತಿಬಿಟ್ಟಿದ್ದಾರೆ. ಆಗ ಹಗ್ಗ ಮೇಲಿನ ಅಂಚಿಗೆ ಒರಗುತ್ತದೆ, ಅಷ್ಟೇ ಅಲ್ಲ, ಹೆಚ್ಚಿನ ವಿಂಚುಗಳಲ್ಲಿ ಬ್ರೇಕೂ ಹಿಡಿಯುವುದಿಲ್ಲ. ಅಪಾಯ ಅದೇ ದೊಡ್ಡದು.

ಯಾವ ಅಂಚು ಎಂದು ಗೊತ್ತಾಗಬೇಕಾದರೆ ಸಂಶಯ ಇರುವ ಕಡೆಗಳಿಗೆಲ್ಲ ಸೀಮೆಸುಣ್ಣ ದಪ್ಪಗೆ ಉಜ್ಜಿ, ತೊಳೆದ ಹಗ್ಗವನ್ನು ಹಗುರ ಭಾರದಲ್ಲಿ ಮೂರು ಮೀಟರ್ ಒಳಗೆಳೆಯಿರಿ. ಎಂಜಿನ್ ಮತ್ತು ವಿಂಚ್ ಎರಡನ್ನೂ ನಿಲ್ಲಿಸಿದ ಮೇಲೆ ಟಾರ್ಚ್ ಹಾಕಿ ನೋಡಿ. ಸುಣ್ಣ ಅಳಿಸಿದ ಕಡೆ ತಗಡನ್ನು ಕನಿಷ್ಠ 10 ಮಿ.ಮೀ. ಹಿಂದಕ್ಕೆ ಕೊಯ್ದು, ಅಂಚು ದುಂಡು ಮಾಡಿ, ತುಕ್ಕು ಹಿಡಿಯದಂತೆ ಪ್ರೈಮರ್ ಬಳಿಯಿರಿ.