ಗುಂಪಿನಲ್ಲಿ ಓದಿದರೆ ಮಗಳ ಹೊತ್ತು ಹಾಳಾಗುವುದೇ?

ಪ್ರಶ್ನೆ: ಪ್ರಥಮ ಪಿಯುಸಿ ವಿಜ್ಞಾನ ಓದುತ್ತಿರುವ ನನ್ನ ಮಗಳು ವಾರದಲ್ಲಿ ಮೂರು ಸಂಜೆ ಗೆಳತಿಯರೊಂದಿಗೆ ಕುಳಿತು ಭೌತಶಾಸ್ತ್ರ, ಗಣಿತ ಓದುತ್ತಾಳೆ. ಗುಂಪಿನಲ್ಲಿ ಇವಳೇ ಮುಂದಿರುವುದರಿಂದ ಉಳಿದವರಿಗೆ ಹೇಳಿಕೊಡುವುದರಲ್ಲೇ ಹೊತ್ತು ಹೋಗುತ್ತದೆ. ಇದನ್ನು ನಿಲ್ಲಿಸಬೇಕೇ?
– ಒಬ್ಬ ತಾಯಿ

ಉತ್ತರ: ನಿಲ್ಲಿಸಬೇಡಿ, ಗುಂಪು ಓದುವ ಕ್ರಮವನ್ನು ಮಾತ್ರ ಒಮ್ಮೆ ಗಮನಿಸಿ. ಹೇಳಿಕೊಡುವವರಿಗೆ ನಷ್ಟ, ಕೇಳುವವರಿಗೆ ಲಾಭ ಎಂಬ ಲೆಕ್ಕ ಕಲಿಕೆಯಲ್ಲಿ ನಿಲ್ಲುವುದಿಲ್ಲ. ತನಗೆ ಗೊತ್ತಿದೆ ಎಂದುಕೊಂಡದ್ದನ್ನು ಇನ್ನೊಬ್ಬರಿಗೆ ವಿವರಿಸಲು ಹೊರಟಾಗಲೇ ತನ್ನ ತಿಳಿವಳಿಕೆ ಎಲ್ಲಿ ಸಡಿಲವಾಗಿದೆ ಎಂಬುದು ವಿದ್ಯಾರ್ಥಿಗೆ ಕಾಣುತ್ತದೆ.

ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತಶಾಸ್ತ್ರ ಪ್ರಾಧ್ಯಾಪಕ ಎರಿಕ್ ಮಜೂರ್ ಅವರ ಅನುಭವ ನಿಮ್ಮ ಪ್ರಶ್ನೆಗೆ ಹತ್ತಿರದ್ದು. ಕಠಿಣ ಲೆಕ್ಕಗಳನ್ನು ಸೂತ್ರ ಹಾಕಿ ಬಿಡಿಸುತ್ತಿದ್ದ ಅವರ ವಿದ್ಯಾರ್ಥಿಗಳು, ಭಾರದ ಲಾರಿಗೂ ಹಗುರ ಕಾರಿಗೂ ಡಿಕ್ಕಿಯಾದಾಗ ಯಾವುದರ ಮೇಲೆ ಹೆಚ್ಚು ಬಲ ಬೀಳುತ್ತದೆ ಎಂಬಂಥ ಸರಳ ಪ್ರಶ್ನೆಯಲ್ಲಿ ಎಡವುತ್ತಿದ್ದರು. (ಎರಡರ ಮೇಲೂ ಸಮಾನ ಬಲವೇ ಬೀಳುತ್ತದೆ, ಮಗಳನ್ನೊಮ್ಮೆ ಕೇಳಿ ನೋಡಿ.) ಇಂಥದೊಂದು ಪ್ರಶ್ನೆಯನ್ನು ಎರಡೆರಡು ಬಾರಿ ವಿವರಿಸಿಯೂ ಪ್ರಯೋಜನವಾಗದೆ, ನೀವೇ ಪಕ್ಕದವರೊಡನೆ ಚರ್ಚಿಸಿ ಎಂದು ಅವರು ಬಿಟ್ಟಾಗ ಕೆಲವೇ ನಿಮಿಷಗಳಲ್ಲಿ ತರಗತಿಗೆ ಅದು ಅರ್ಥವಾಯಿತು. ಈಗಷ್ಟೇ ಅರ್ಥ ಮಾಡಿಕೊಂಡವರಿಗೆ ತಾವು ಎಡವಿದ ಜಾಗ ಇನ್ನೂ ನೆನಪಿರುತ್ತದೆ, ವರ್ಷಗಟ್ಟಲೆ ಕಲಿಸಿದ ನಮ್ಮಂಥವರಿಗೆ ಅದು ಮರೆತುಹೋಗಿರುತ್ತದೆ. 1991ರಿಂದ ಅವರು ಇದನ್ನೇ ಬೋಧನೆಯ ಕ್ರಮವಾಗಿಸಿದರು: ಮೊದಲು ಪ್ರತಿಯೊಬ್ಬರೂ ಒಂಟಿಯಾಗಿ ಯೋಚಿಸಿ ಉತ್ತರ ಕೊಡಬೇಕು, ಅನಂತರ ಬೇರೆ ಉತ್ತರ ಕೊಟ್ಟವರೊಡನೆ ವಾದಿಸಬೇಕು, ಕೊನೆಗೆ ಮತ್ತೊಮ್ಮೆ ಉತ್ತರಿಸಬೇಕು.

ಮೊದಲು ಒಂಟಿಯಾಗಿ ಯೋಚಿಸುವ ಆ ಹೆಜ್ಜೆಯೇ ನಮ್ಮ ಮನೆಗಳ ಗುಂಪು ಓದಿನಲ್ಲಿ ತಪ್ಪಿಹೋಗುತ್ತದೆ. ಲೆಕ್ಕವನ್ನು ಎಲ್ಲರೂ ಮನೆಯಲ್ಲೇ ಪ್ರಯತ್ನಿಸಿ, ಸಿಕ್ಕಿಕೊಂಡ ಕಡೆ ಗುರುತು ಹಾಕಿ ತರಲಿ. ವಿವರಿಸುವ ಸರದಿ ಎಲ್ಲರಿಗೂ ಬರಲಿ. ಮುಂದಿನ ಅಧ್ಯಾಯವನ್ನು ಭಾಗ ಮಾಡಿ ಒಬ್ಬೊಬ್ಬರಿಗೆ ಒಂದೊಂದು ಭಾಗ ಒಪ್ಪಿಸಿದರೆ ನಿಮ್ಮ ಮಗಳೂ ಕೇಳುಗಳಾಗುತ್ತಾಳೆ. ಅಮೆರಿಕದ ಆಸ್ಟಿನ್ ನಗರದ ಶಾಲೆಗಳಲ್ಲಿ 1971ರಲ್ಲಿ ಮನಶ್ಶಾಸ್ತ್ರಜ್ಞ ಎಲಿಯಟ್ ಆರನ್ಸನ್ ರೂಪಿಸಿದ 'ಜಿಗ್‌ಸಾ' ಪದ್ಧತಿಯ ತಿರುಳೂ ಇದೇ. ಅಲ್ಲಿ ಪ್ರತಿ ಮಗುವಿನ ಬಳಿಯೂ ಉಳಿದವರಿಗೆ ಬೇಕಾದ ಒಂದು ತುಣುಕು ಇರುತ್ತಿತ್ತು.

ಇಷ್ಟಾಗಿಯೂ ಗೆಳತಿಯರು ಇವಳು ಬಿಡಿಸಿದ ಲೆಕ್ಕಗಳನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡು ಹೋಗುವುದಷ್ಟೇ ನಡೆಯುತ್ತಿದ್ದರೆ, ಮೂರು ಸಂಜೆಯನ್ನು ಒಂದಕ್ಕೆ ಇಳಿಸಿ.