ದಾವಣಗೆರೆಯಲ್ಲಿ ನಾಯಿಯನ್ನು ವಾಕಿಂಗ್ ಕರೆದುಕೊಂಡು ಹೋಗೋಕೆ ಜನ ಸಿಗ್ತಾರಾ? ಹೇಗೆ ಆರಿಸೋದು?

ಸಿಗ್ತಾರೆ. ಮಂಡಿ ಆಪರೇಷನ್ ಆಗಿದೆ, ಲ್ಯಾಬ್ರಡಾರ್ ಎಳೆದರೆ ಬಿದ್ದೇಬಿಡ್ತೀನಿ ಅಂತ ಬರೆದಿದ್ದೀರಿ. ನನಗೆ ಸೊಂಟ ಹಿಡಿದುಕೊಂಡಾಗ ಇದೇ ಗತಿಯಾಗಿತ್ತು. ನಮ್ಮ ಮನೆ ವಿದ್ಯಾನಗರದಲ್ಲಿ.

ಮೊದಲು ಗೊತ್ತುಮಾಡಿದ ಹುಡುಗ ಟೈಮ್ ಅಂದ್ರೆ ಟೈಮ್. ಸಂಜೆ ಆರಕ್ಕೆ ಬಂದು ಮುಕ್ಕಾಲು ಗಂಟೆ ಸುತ್ತಿಸಿ ತರುತ್ತಿದ್ದ. ಒಂದು ದಿನ ನೋಡ್ತೀನಿ, ನಮ್ಮ ನಾಯಿ ರಾಜನ ಮೀಸೆಗೆ ಅರಿಶಿನ ಹತ್ತಿದ ಎರಡು ಮಂಡಕ್ಕಿ ಕಾಳು ಅಂಟಿವೆ! ಮೂತಿ ಮೂಸಿದರೆ ಒಗ್ಗರಣೆ ಘಮ. ವಿಚಾರಿಸಿದಾಗ ಗೊತ್ತಾಯ್ತು, ದಿನಾ ಅಂಗಡಿ ಮುಂದಿನ ಕಂಬಕ್ಕೆ ಕಟ್ಟಿ, ಮಿರ್ಚಿ ತಿನ್ನುತ್ತಾ ಮೊಬೈಲ್ ನೋಡ್ತಿದ್ದನಂತೆ. ಪಾಪ, ಪ್ರೀತಿಯಿಂದಲೇ ಒಂದು ಹಿಡಿ ಹಾಕಿದ್ದಾನೆ. ಆದರೆ ಮಂಡಕ್ಕಿಯಲ್ಲಿ ಈರುಳ್ಳಿ ಇರುತ್ತಲ್ವಾ? ಅದು ನಾಯಿಗೆ ವಿಷ. ರಕ್ತದ ಕೆಂಪು ಕಣಗಳನ್ನೇ ಒಡೆದುಹಾಕುತ್ತೆ.

ಅದಕ್ಕೇ ಹೇಳ್ತೀನಿ, ಗಡಿಯಾರ ನೋಡಬೇಡಿ, ವಾಪಸ್ ಬಂದ ನಾಯಿಯನ್ನು ನೋಡಿ. ನಡೆದು ಬಂದ ನಾಯಿ ನೀರು ಕುಡಿದು ಕಾಲು ಚಾಚಿ ಮಲಗುತ್ತೆ. ಕಟ್ಟಿಹಾಕಿಸಿಕೊಂಡು ಬಂದದ್ದು ಗೇಟಿನ ಹತ್ತಿರವೇ ಕುಣಿಯುತ್ತೆ. ರಾಜ ದಿನಾ ಕುಣೀತಿದ್ದ. ನಾನು ಅದನ್ನು ಖುಷಿ ಅಂದ್ಕೊಂಡಿದ್ದೆ!

ಈಗ ಬರುವವರು ಐವತ್ತು ದಾಟಿದವರು, ಮೊದಲು ತೋಟದಲ್ಲಿ ನಾಯಿ ಸಾಕಿದವರು. ಮೊದಲ ದಿನ ರಾಜನನ್ನು ಮುಟ್ಟಲೇ ಇಲ್ಲ. ಕಟ್ಟೆ ಮೇಲೆ ಮುಖ ತಿರುಗಿಸಿ ಕೂತು, ಅವನೇ ಬಂದು ಮೂಸಲಿ ಅಂತ ಬಿಟ್ಟರು. ಚೈನ್ ಹಿಡಿದದ್ದು ಮೂರನೇ ದಿನ. ಆ ಎರಡು ದಿನದ ದುಡ್ಡನ್ನೂ ಕೊಟ್ಟೆ, ಕೊಡಬೇಕಾದದ್ದೇ. ಬಂದ ತಕ್ಷಣ ಚೈನ್ ಕಿತ್ತುಕೊಂಡು ಹೊರಡುವವರು ನನಗಂತೂ ಬೇಡ.

ನಿಮ್ಮದು ಎಳೆಯುವ ನಾಯಿ, ಕತ್ತಿನ ಬೆಲ್ಟ್ ಬದಲು ಎದೆಯ ಹತ್ತಿರ ಕೊಂಡಿ ಇರುವ ಹಾರ್ನೆಸ್, ಅಂದ್ರೆ ಎದೆ-ಬೆನ್ನು ಸುತ್ತಿ ಹಾಕುವ ಪಟ್ಟಿ, ಕೊಡಿಸಿ. ನಮ್ಮ ಏಪ್ರಿಲ್ ಬಿಸಿಲು ಗೊತ್ತಲ್ಲ, ರೋಡಿನ ಮೇಲೆ ಕೈಯ ಹಿಂಬದಿ ಇಟ್ಟು ಏಳು ಎಣಿಸೋಕೆ ಆಗದಿದ್ದರೆ ಅದರ ಪಾದಕ್ಕೂ ಆಗಲ್ಲ. ಬೀದಿನಾಯಿಗಳ ಗುಂಪು ಇರುವ ಓಣಿ ಯಾವುದು ಅಂತ ಮೊದಲೇ ತೋರಿಸಿಬಿಡಿ. ರೇಬೀಸ್ ಇಂಜೆಕ್ಷನ್ ತಪ್ಪಿಸಬೇಡಿ. ಕರೆದುಕೊಂಡು ಹೋದವರಿಗೇ ನಾಯಿ ಕಚ್ಚಿದರೆ ನಲ್ಲಿ ಕೆಳಗೆ ಸೋಪು ಹಾಕಿ 15 ನಿಮಿಷ ತೊಳೆದು, ತಕ್ಷಣ ಆಸ್ಪತ್ರೆಗೆ ಕಳಿಸಿ. ಆ ಖರ್ಚು ನಿಮ್ಮದೇ ಅಂತ ಮೊದಲೇ ಮಾತಾಡಿಕೊಳ್ಳಿ.

ಬೆಳಿಗ್ಗೆ ಒಂದು ಹೊತ್ತಿಗೆ ತಿಂಗಳಿಗೆ 2,000 ಕೊಡ್ತೀನಿ. ಇವರು ಸಿಕ್ಕಿದ್ದು ಪಶು ಆಸ್ಪತ್ರೆಯ ಕಾಂಪೌಂಡರ್ ಹತ್ತಿರ ಕೇಳಿದಾಗ. ನೀವೂ ಅಲ್ಲಿಂದಲೇ ಶುರು ಮಾಡಿ.